ಬ್ರೆಮಾಸಳ ಮೂರನೆಯ ನಾಮಪತ್ರ

ಬೆಳಿಗ್ಗೆ ಕೋಳಿಗಳಿಗೆ ಕಾಳು ಹಾಕುವುದಕ್ಕೂ ಮೊದಲು ಬ್ರೆಮಾಸ್ ನಮ್ಮ ಉದ್ದಮನೆಯ ಜಗಲಿಯನ್ನು ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನಡೆಯುತ್ತಾಳೆ. ಇಪ್ಪತ್ತೆರಡು ಬಾಗಿಲು, ಇಪ್ಪತ್ತೆರಡು ಸಂಸಾರ. ಎಲ್ಲಕ್ಕೂ ಒಂದೇ ಸೂರು, ಒಂದೇ ಜಗಲಿ. ಪ್ರತಿ ಬಾಗಿಲ ಮುಂದೆ ನಿಂತು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, "ಎದ್ರಾ?" ಎನ್ನುತ್ತಾಳೆ. ಒಳಗಿನಿಂದ ಕೆಮ್ಮೋ ಬೈಗುಳವೋ ಕೇಳಿಸಿದರೆ ಮುಂದಿನ ಬಾಗಿಲು. ಹನ್ನೊಂದನೆಯ ಬಾಗಿಲಿನ ಮುದುಕಿ ಒಂಟಿಯಾಗಿ ಸತ್ತು, ಮಾರನೆಯ ಸಂಜೆಯವರೆಗೆ ಯಾರಿಗೂ ತಿಳಿಯದೆ ಹೋಯಿತಲ್ಲ, ಬಹಳ ಹಿಂದೆ ಆ ವರ್ಷ ಶುರುವಾದ ಅಭ್ಯಾಸವಿದು. ತನಗೆ ಜ್ವರ ಬಂದಾಗಲೂ ತಪ್ಪಿಸಿಲ್ಲ. ಗಂಡ ತೀರಿಕೊಂಡ ಮರುದಿನವೂ ತಪ್ಪಿಸಲಿಲ್ಲ. ಇಡೀ ಉದ್ದಮನೆಗೆ ಯಜಮಾನರಾದ ಉಂಗಾತ್ ಅವರ ಬಾಗಿಲನ್ನೂ ತಟ್ಟುತ್ತಾಳೆ. ಅವರು ಎಷ್ಟೋ ವರ್ಷದಿಂದ ಅವಳಿಗೆ ಉತ್ತರ ಕೊಡುವುದಿಲ್ಲ. ಅವರ ಹೆಂಡತಿಯೇ ಒಳಗಿನಿಂದ, "ಬದುಕಿದಾರೆ, ಹೋಗೇ" ಎಂದು ಕೂಗುತ್ತಾರೆ.

ನಾನು ಅವಳ ಪಕ್ಕದ ಬಾಗಿಲಿನವಳು. ನಡುವೆ ಇರುವುದು ಒಂದು ಹಲಗೆಯ ಗೋಡೆ. ಅವಳು ಅತ್ತದ್ದೂ ನಕ್ಕದ್ದೂ ನನಗೆ ಕೇಳಿಸಿದೆ. ನನ್ನ ಸಂಜೆಯ ಪ್ರಾರ್ಥನೆ ಅವಳಿಗೆ ಕೇಳಿಸಿದೆ.

ಸಾರಾವಾಕಿನ ರಾಜ್ಯ ಚುನಾವಣೆಗೆ ಬ್ರೆಮಾಸ್ ಎರಡು ಸಲ ನಿಂತಿದ್ದಳು. ಮೊದಲ ಸಲ ಬಂದದ್ದು ಅರವತ್ತೊಂದು ಮತ, ಎರಡನೆಯ ಸಲ ನೂರ ನಲವತ್ತಮೂರು. ಎರಡು ಸಲವೂ ಠೇವಣಿ ಹೋಯಿತು. ಮೂರನೆಯ ಸಲದ ಕಥೆ ಬೇರೆ. ಅದಾದ ಮೇಲೆ ನಮ್ಮ ಮನೆಯ ಆರು ಜನ ಅಳಿಯಂದಿರು ಒಂದೇ ದೋಣಿಯಲ್ಲಿ ಪೇಟೆಗೆ ಹೋಗಿ ಗುರುತಿನ ಚೀಟಿಯಲ್ಲಿ ವಿಳಾಸ ಬದಲಾಯಿಸಿಕೊಂಡು ಬಂದರು. ಯಾಕೆಂದು ಹೇಳುತ್ತೇನೆ.

ಇದೆಲ್ಲ ಆರಂಭವಾದದ್ದು ಒಂದು ಗುಡ್ಡದಿಂದ. ಮನೆಯ ಹಿಂದಿನ ಗುಡ್ಡ ಇಪ್ಪತ್ತೆರಡು ಬಾಗಿಲಿಗೂ ಸೇರಿದ್ದು. ಬೆತ್ತ, ಕಾಡುಹಣ್ಣು, ಕಟ್ಟಿಗೆ ಎಲ್ಲ ಅಲ್ಲಿಂದಲೇ ಬರಬೇಕು. ಒಂದು ದಿನ ಹಳದಿ ಯಂತ್ರ ಬಂದು ಮರ ಉರುಳಿಸತೊಡಗಿದಾಗಲೇ ನಮಗೆ ಗೊತ್ತಾದದ್ದು, ಗುಡ್ಡವನ್ನು ತಾಳೆಎಣ್ಣೆ ತೋಟದವರಿಗೆ ಅರವತ್ತು ವರ್ಷಕ್ಕೆ ಬರೆದುಕೊಟ್ಟಾಗಿದೆ ಎಂದು. ಆ ಸಂಜೆ ಜಗಲಿಯಲ್ಲಿ ಎಲ್ಲರೂ ಕೂತಿದ್ದೆವು. ಬ್ರೆಮಾಸ್ ಎದ್ದು ನಿಂತಳು.

"ನನ್ನ ಬಾಗಿಲ ಪರವಾಗಿ ಯಾರು ರುಜು ಹಾಕಿದ್ದು ಯಜಮಾನ್ರೇ?"

"ನಾನು," ಎಂದರು ಉಂಗಾತ್. "ಯಜಮಾನನ ಕೈ ಅಂದ್ರೆ ಮನೆ ಕೈ. ನಿಮ್ಮಜ್ಜನ ಕಾಲದಿಂದ್ಲೂ ಹಂಗೇ."

"ನಮ್ಮಜ್ಜನ ಕಾಲದಲ್ಲಿ ರುಜು ಅನ್ನೋದೇ ಇರ್ಲಿಲ್ಲ. ಎಲ್ಲಾ ಬಾಗ್ಲವ್ರೂ ಇಲ್ಲೇ ಕೂತು ಹೂಂ ಅಂದ್ಮೇಲೆ ತಾನೇ ಕೆಲ್ಸ ಆಗ್ತಿದ್ದಿದ್ದು?"

ಹಿಂದಿನಿಂದ ಯಾರೋ ಒಬ್ಬ, "ಗಂಡ ಇಲ್ದೋಳಿಗೆ ಗುಡ್ಡ ಯಾಕಂತೆ?" ಎಂದು ನಕ್ಕ.

"ಬೆತ್ತ ಕುಯ್ಯೋಕೆ. ನಿನ್ನ ಹೆಂಡ್ತಿ ಹೆಣೆದಿರೋ ಚಾಪೆನೂ ಅದೇ ಗುಡ್ಡದ್ದು. ಅದ್ರ ಮೇಲೇ ಕೂತು ಮಾತಾಡ್ತಿದೀಯ, ನೋಡ್ಕೋ."

ಜನ ನಕ್ಕರು. ಆದರೆ ಗುಡ್ಡ ವಾಪಸು ಬರಲಿಲ್ಲ.

ಮರುವರ್ಷ ಅವಳು ಮೆಣಸು ಮಾರಲು ಪೇಟೆಗೆ ಹೋದಾಗ ನೆಲದ ಪಕ್ಷ ಎಂಬ ಸಣ್ಣ ಪಕ್ಷದವರ ಪರಿಚಯವಾಯಿತು. ಪಕ್ಷ ಎಂದರೆ ಆರೇಳು ಜನ. ಟೈರಿಗೆ ಪಂಕ್ಚರ್ ಹಾಕುವ ಬೆಲಾಯೋಂಗ್ ಅದರ ಅಧ್ಯಕ್ಷ, ಅವನ ಅಂಗಡಿಯೇ ಕಚೇರಿ. ಪಕ್ಷದ ಗುರುತು ಬೆನ್ನಿಗೆ ಹಾಕಿಕೊಳ್ಳುವ ಬೆತ್ತದ ಬುಟ್ಟಿ.

"ಗೆಲ್ಲೋದು ಕನಸಲ್ಲೂ ಇಲ್ಲ ಅಂತ ಮೊದ್ಲೇ ಹೇಳ್ಬಿಡ್ತೀನಕ್ಕ," ಎಂದಿದ್ದನಂತೆ ಅವನು.

"ಗೆದ್ದು ಏನ್ಮಾಡ್ಲಪ್ಪ, ನಂಗೆ ಮೆಣಸು ಕುಯ್ಯೋದಿದೆ. ನಿಂತ್ಕೊಂಡ್ರೆ ಬೇರೆ ಮನೆಗಳ ಜಗಲೀಲಿ ಮಾತಾಡೋಕೆ ಬಿಡ್ತಾರಾ?"

"ಬಿಡ್ಲೇಬೇಕಲ್ಲ!"

ಅದು ನಿಜ. ನಮ್ಮ ಹೊಳೆಯ ಉದ್ದಕ್ಕೂ ಮೂವತ್ತೊಂದು ಉದ್ದಮನೆಗಳಿವೆ. ಚುನಾವಣೆಗೆ ನಿಂತವರು ಏಣಿ ಹತ್ತಿ ಬಂದರೆ ಯಾವ ಪಕ್ಷದವರೇ ಆಗಲಿ, ಚಾಪೆ ಹಾಸಬೇಕು, ಅಕ್ಕಿಹೆಂಡ ಕೊಡಬೇಕು, ಮನೆಯವರೆಲ್ಲ ಕೂತು ಮಾತು ಮುಗಿಯುವವರೆಗೆ ಕೇಳಬೇಕು. ಅದೇ ಬೇರೆ ಮನೆಯ ಒಬ್ಬ ವಿಧವೆ ಸುಮ್ಮನೆ ಹೋದರೆ, ಒಲೆಯ ಹತ್ತಿರ ಕೂರಿಸಿ ಊಟ ಹಾಕಿ ಕಳಿಸುತ್ತಾರೆ. ಅವಳಿಗಾಗಿ ಯಾರೂ ಜಗಲಿ ಸೇರಿಸುವುದಿಲ್ಲ.

ಎರಡು ಚುನಾವಣೆಯಲ್ಲಿ ಬ್ರೆಮಾಸ್ ಮೂವತ್ತು ಜಗಲಿಗಳಲ್ಲಿ ಕೂತಳು. ಹೇಳಿದ್ದು ಒಂದೇ ಮಾತು: ನಿಮ್ಮ ಬಾಗಿಲ ಪರವಾಗಿ ಇನ್ನೊಬ್ಬರ ಕೈ ರುಜು ಹಾಕಲು ಬಿಡಬೇಡಿ. ಕೆಲವರು ಕೇಳಿದರು, ಕೆಲವರು ಆಕಳಿಸಿದರು. ಮೇಲ್ಹೊಳೆಯ ಒಂದು ಮನೆಯಲ್ಲಿ ಒಬ್ಬ ಮುದುಕ ಎಲ್ಲರೆದುರು ಕೇಳಿಯೇಬಿಟ್ಟ: "ಅಲ್ಲಮ್ಮಾ, ನಿನ್ ಬುಟ್ಟಿ ಹೆಣೆದೋರು ಯಾರು? ದೊಡ್ಡ ಪಕ್ಷದೋರು ಅಂತಾರೆ. ಎದುರು ಪಕ್ಷದ ಮತ ಒಡೆಯೋಕೆ ನಿನ್ನ ನಿಲ್ಸಿದಾರಂತೆ?" ಬರುವಾಗ ದೋಣಿಯಲ್ಲಿ ಅವಳು ನನಗೆ ಹೇಳಿದ್ದಿಷ್ಟೆ: "ಅರವತ್ತು ಮತ ಬಂದಿದ್ದಕ್ಕೆ ಬೇಜಾರಿಲ್ಲ ಕಣೆ. ಈ ಮಾತು ಮಾತ್ರ ಸುಳ್ಳು ಅಂತ ತೋರಿಸ್ಬೇಕು."

ಮೂರನೆಯ ಚುನಾವಣೆ ಬಂದಾಗ, ತೋಟದವರು ಮೇಲ್ಹೊಳೆಯ ಮೂರು ಮನೆಗಳ ಯಜಮಾನರ ಹತ್ತಿರ ಓಡಾಡುತ್ತಿದ್ದಾರೆ, ಮತದಾನ ಮುಗಿದ ವಾರವೇ ರುಜು ಆಗುತ್ತದೆ ಎಂಬ ಸುದ್ದಿ ಬಂತು. ಅಷ್ಟರೊಳಗೆ ಆ ಮೂರು ಜಗಲಿಗಳಲ್ಲಿ ಕೂರಬೇಕು, ಅದಕ್ಕೆ ನಾಮಪತ್ರ ಸಿಂಧುವಾಗಬೇಕು. ಅವಳಿಗೆ ಬೇಕಾಗಿದ್ದು ಅಷ್ಟೇ.

ನಾಮಪತ್ರಕ್ಕೆ ಅದೇ ಕ್ಷೇತ್ರದ ಇಬ್ಬರು ಮತದಾರರ ರುಜು ಬೇಕು, ಸೂಚಕರದೊಂದು, ಅನುಮೋದಕರದೊಂದು. ಸೂಚಕಿಯಾಗಿ ನಾನು ಹಾಕುತ್ತೇನೆಂದೆ. ನಾನು ಓದಲು ಕಲಿತದ್ದೇ ಸ್ತೋತ್ರದ ಪುಸ್ತಕ ನೋಡಿಕೊಂಡು. ನನ್ನ ರುಜು ಎಂದರೆ ವಕ್ರವಕ್ರ ಅಕ್ಷರ, ಆದರೂ ನನ್ನದೇ. ಎರಡನೆಯ ರುಜುವಿಗೆ ಕಷ್ಟವಾಯಿತು. ಬೆಲಾಯೋಂಗ್ ಕಡೆಯವರೆಲ್ಲ ಬೇರೆ ಕ್ಷೇತ್ರದ ಮತದಾರರು, ಹಿಂದೆ ಅನುಮೋದಿಸಿದ್ದವರು ಈ ಸಲ ಹಿಂದೆ ಸರಿದರು. ಅಧಿಕಾರದಲ್ಲಿದ್ದ ದೊಡ್ಡ ಪಕ್ಷ ನಮ್ಮ ಮನೆಗೆ ಹೊಸ ತಗಡಿನ ಸೂರು ಹಾಕಿಸಿಕೊಡುವುದಾಗಿ ಹೇಳಿತ್ತು. "ಅವಳ ಕಾಗದಕ್ಕೆ ಯಾರು ಕೈ ಹಾಕ್ತಾರೋ ಆ ಬಾಗ್ಲ ಮೇಲೆ ಹಳೇ ತಗಡೇ ಇರುತ್ತೆ," ಎಂದು ಯಜಮಾನರು ಜಗಲಿಯಲ್ಲೇ ಸಾರಿದ್ದರು.

ಕಡೆಗೆ ಒಪ್ಪಿದವನು ಸಾಗಿನ್. ಬ್ರೆಮಾಸಳ ತೀರಿಹೋದ ತಂಗಿಯ ಗಂಡ. ಹೊಳೆಯ ಆಚೆ ದಡದ ಮನೆಯವನು, ಮದುವೆಯಾಗಿ ನಮ್ಮ ಮನೆಗೆ ಬಂದು ಮೂವತ್ತು ವರ್ಷವಾಗಿತ್ತು. ನಮ್ಮಲ್ಲಿ ಹೆಣ್ಣೂ ಹೋಗುತ್ತಾಳೆ, ಗಂಡೂ ಬರುತ್ತಾನೆ, ಬಂದ ಮೇಲೆ ಅವನು ಈ ಮನೆಯವನೇ.

"ನನ್ನ ಬಾಗ್ಲು ಹೆಂಗೂ ಸೋರುತ್ತೆ ಅತ್ತಿಗೆ," ಎಂದ ಸಾಗಿನ್. "ಇನ್ನೈದು ವರ್ಷ ಸೋರ್ಲಿ ಬಿಡು."

ನಾಮಪತ್ರದ ದಿನ ನಾವು ಮೂವರೂ ಬೆಳಕು ಹರಿಯುವ ಮುಂಚೆಯೇ ದೋಣಿ ಬಿಟ್ಟೆವು. ನಮ್ಮ ಮನೆಯ ಇತರರನ್ನು ದೊಡ್ಡ ಪಕ್ಷದವರು ಲಾರಿ ಕಳಿಸಿ ಕರೆಸಿಕೊಂಡಿದ್ದರು. ಪೇಟೆಯ ಸಭಾಭವನದ ಹೊರಗೆ ಹಗ್ಗದ ಆಚೆ ನೀಲಿ ಅಂಗಿ ತೊಟ್ಟು ನಿಂತ ಗುಂಪಿನಲ್ಲಿ ನನಗೆ ಗುರುತಿನ ಮುಖಗಳೇ ಹೆಚ್ಚು ಕಂಡವು. ಯಜಮಾನರು ಮುಂದಿನ ಸಾಲಿನಲ್ಲಿದ್ದರು. ಯಾರೋ ಕೂಗಿದರು: "ಬುಟ್ಟಿ ಬಂತು! ದಾರಿ ಬಿಡ್ರೋ, ಮುಖ್ಯಮಂತ್ರಿ ಬಂದ್ರು!"

"ಮುಖ್ಯಮಂತ್ರಿ ಆದ್ಮೇಲೆ ನಿಂಗೇ ಮೊದ್ಲು ಕೆಲ್ಸ ಕೊಡ್ತೀನಿ," ಎಂದಳು ಬ್ರೆಮಾಸ್. "ಕೋಳಿಗೂಡು ತೊಳೆಯೋದು."

ನಾಮಪತ್ರ ಕೊಡಲು ಒಂಬತ್ತರಿಂದ ಹತ್ತರವರೆಗೆ ಸಮಯ. ಕನ್ನಡಕದ ಅಧಿಕಾರಿ ನಮ್ಮ ಕಾಗದಗಳನ್ನು ಒಂದೊಂದಾಗಿ ನೋಡಿದರು. ನನ್ನ ಹೆಸರು ಸಿಕ್ಕಿತು. ಸಾಗಿನ್‌ನ ಚೀಟಿಯ ಸಂಖ್ಯೆ ಎರಡು ಸಲ ಹುಡುಕಿದರು.

"ಇವ್ರು ಈ ಕ್ಷೇತ್ರದ ಮತದಾರರಲ್ವಲ್ಲಮ್ಮ."

"ಮೂವತ್ತು ವರ್ಷದಿಂದ ನಮ್ಮನೇಲೇ ಇದಾರೆ ಸ್ವಾಮಿ."

"ಇರಬಹುದು. ಚೀಟೀಲಿ ವಿಳಾಸ ಹೊಳೆ ಆಚೆದು. ಆಚೆ ದಡ ಪಕ್ಕದ ಕ್ಷೇತ್ರ."

ಬ್ರೆಮಾಸ್ ಸಾಗಿನ್ ಕಡೆ ತಿರುಗಿದಳು. ಅವನ ಮುಖ ಬಾಡಿತ್ತು.

"ನೀನು ಮತ ಹಾಕೋದು ಎಲ್ಲಿ?"

"ನಮ್ಮವ್ವನ ಮನೆ ಹತ್ರದ ಶಾಲೇಲಿ. ಆವತ್ತೊಂದು ದಿನ ಹೋದ್ರೆ ಅವ್ವನ ಕೈಯ ಮೀನೂ ತಿನ್ನಬಹುದು ಅಂತ… ಆಚೆ ಶಾಲೆ, ಈಚೆ ಶಾಲೆ ಎಲ್ಲಾ ಒಂದೇ ಅಂದ್ಕೊಂಡಿದ್ದೆ ಅತ್ತಿಗೆ."

"ಹಂಗಾದ್ರೆ ಎರಡು ಸಲ ನಂಗೆ ಹಾಕ್ದೆ ಅಂದ್ಯಲ್ಲ?"

"ಎರಡು ಸಲವೂ ಬುಟ್ಟಿ ಹುಡುಕ್ದೆ. ಕಾಣ್ಲೇ ಇಲ್ಲ. ನನ್ನ ಕಣ್ಣೇ ಮಂಜಾಗಿದೆ ಅಂದ್ಕೊಂಡು, ನಾಚ್ಕೆ ಆಗಿ, ಎಲ್ಲೋ ಒಂದು ಗುರುತು ಹಾಕಿ ಬಂದೆ."

ಅಷ್ಟು ಹೊತ್ತಿನಲ್ಲೂ ಬ್ರೆಮಾಸ್ ನಕ್ಕುಬಿಟ್ಟಳು. ಅವನ ತೋಳು ಮುಟ್ಟಿ, "ಆಯ್ತು ಬಿಡು. ಮೀನಾದ್ರೂ ಚೆನ್ನಾಗಿತ್ತಾ?" ಎಂದಳು. ಅವನಿಗೆ ಕಣ್ಣಲ್ಲಿ ನೀರು ಬಂತು.

"ಹತ್ತು ಗಂಟೆಯೊಳಗೆ ಬೇರೆಯವರನ್ನ ಕರ್ಕೊಂಡು ಬಂದ್ರೆ ತಗೋತೀನಿ," ಎಂದರು ಅಧಿಕಾರಿ. ಆಗ ಗಂಟೆ ಒಂಬತ್ತೂ ಇಪ್ಪತ್ತೈದು.

ಅವಳು ನೇರವಾಗಿ ಹೊರಗೆ ಹೋಗಿ ಹಗ್ಗದ ಬಳಿ ಯಜಮಾನರ ಮುಂದೆಯೇ ನಿಂತಳು. ನಾನು ಹಿಂದೆ ಓಡಿದೆ.

"ಯಜಮಾನ್ರೇ, ಒಂದು ರುಜು ಬೇಕಿತ್ತು. ಮತ ಅಲ್ಲ, ರುಜು ಅಷ್ಟೆ. ಮನೆ ಹೆಣ್ಣುಮಗಳು ಕೇಳ್ತಿದೀನಿ."

ಉಂಗಾತ್ ತಮ್ಮ ಅಂಗಿಯನ್ನು ಎಳೆದು ತೋರಿಸಿದರು. "ಈ ಬಣ್ಣ ಕಾಣಲ್ವಾ ನಿಂಗೆ? ಇದನ್ನ ತೊಟ್ಕೊಂಡು ನಿನ್ನ ಕಾಗದಕ್ಕೆ ಕೈ ಹಾಕ್ಲಾ?"

"ಬಿಚ್ಚಿಟ್ಟು ಹಾಕಿ. ನಾನೇನೂ ನೋಡಲ್ಲ."

ಗುಂಪು ಗೊಳ್ಳೆಂದಿತು. ಯಜಮಾನರ ತುಟಿಯೂ ಒಂದು ಕ್ಷಣ ಅಲುಗಿತು, ಆದರೆ ಅವರು ಮುಖ ತಿರುಗಿಸಿದರು. ಅವಳು ಸಾಲು ಹಿಡಿದು ನಡೆದಳು. ಒಬ್ಬೊಬ್ಬರ ಮುಂದೆಯೂ ನಿಂತು, ಹೆಸರು ಹಿಡಿದು ಕೇಳಿದಳು. ಒಬ್ಬ ಕೆಮ್ಮಿದ. ಒಬ್ಬಳು ಮಗುವಿನ ಮೂಗು ಒರೆಸತೊಡಗಿದಳು. ಐದನೆಯ ಬಾಗಿಲಿನ ರಿನ್ಯಾ ಮಾತ್ರ ಹಗ್ಗ ಎತ್ತಿ ಒಂದು ಹೆಜ್ಜೆ ಈಚೆ ಇಟ್ಟಳು. ಬಾಣಂತಿ, ಮೂರು ತಿಂಗಳ ಕೂಸು ಬೆನ್ನಿಗಿತ್ತು. ಅವಳ ಬಾಗಿಲಿನ ಸೂರು ನನಗೆ ಗೊತ್ತು. ಮಳೆ ಬಂದರೆ ಕೂಸನ್ನು ಎತ್ತಿಕೊಂಡು ಮೂಲೆಯಿಂದ ಮೂಲೆಗೆ ಓಡುತ್ತಾಳೆ. ಅವಳ ತಾಯಿ ಹಿಂದಿನಿಂದ ಮೊಣಕೈ ಹಿಡಿದೆಳೆದರು.

"ಬಿಡವ್ವ, ಅತ್ತೆಗೆ ಒಂದು ರುಜು ತಾನೇ?" ಎಂದಳು ರಿನ್ಯಾ.

ಬ್ರೆಮಾಸ್ ಕೂಸಿನ ಕಾಲು ಮುಟ್ಟಿದಳು. "ಬೇಡ ಮಗಳೇ. ನೀನು ಹೆಜ್ಜೆ ಇಟ್ಯಲ್ಲ, ಅದು ನಂಗೆ ಸಾಕು. ಹೋಗು, ಬಿಸಿಲಿದೆ," ಎಂದು ಹಗ್ಗವನ್ನು ತಾನೇ ಕೆಳಗಿಳಿಸಿದಳು.

ನನಗೆ ಸಿಟ್ಟು ಬಂತು. "ಆ ಹುಡುಗಿ ತಾನಾಗಿ ಬರ್ತಿದ್ಲಲ್ಲೇ!" ಎಂದೆ.

"ಆ ಕೂಸಿನ ತಲೆ ಮೇಲೆ ನೀರು ಬಿದ್ರೆ ನನ್ನ ರುಜು ಎಲ್ಲಿ ಒಣಗುತ್ತೆ?" ಎಂದಳು.

ಭವನದೊಳಗೆ ವಾಪಸು ಬಂದಾಗ ಹತ್ತಕ್ಕೆ ಹನ್ನೆರಡು ನಿಮಿಷವಿತ್ತು. ಸಾಗಿನ್ ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ. ನಾನು ಕಣ್ಣು ಮುಚ್ಚಿ ದೇವರನ್ನು ಬೇಡಿಕೊಂಡೆ. ರುಜು ಸಿಗಲಿ ಎಂದು ಬೇಡಿದೆನೋ, ಇವಳಿಗೆ ತಡೆದುಕೊಳ್ಳುವ ಶಕ್ತಿ ಕೊಡು ಎಂದು ಬೇಡಿದೆನೋ ಈಗ ನೆನಪಿಲ್ಲ. ಕಣ್ಣು ತೆರೆದಾಗ ಎದುರಿಗೆ ಕ್ಲೆಮೆಂಟ್ ನಿಂತಿದ್ದ. ದೊಡ್ಡ ಪಕ್ಷದ ಅಭ್ಯರ್ಥಿಯ ಬಲಗೈ. ಇಸ್ತ್ರಿ ಮಾಡಿದ ಅಂಗಿ, ಮೆಲ್ಲನೆಯ ಮಾತು. ಅವನ ಜೊತೆ ಪೇಟೆಯ ಒಬ್ಬ ವಯಸ್ಸಾದ ಅಂಗಡಿಯವರಿದ್ದರು.

"ದೊಡ್ಡಮ್ಮ, ಕೇಳ್ಪಟ್ಟೆ," ಎಂದ ಕ್ಲೆಮೆಂಟ್. "ಇವ್ರು ಇದೇ ಕ್ಷೇತ್ರದ ಮತದಾರರು. ರುಜು ಹಾಕ್ತಾರೆ. ನಮ್ಗೇನೂ ವಾಪಸ್ ಕೊಡ್ಬೇಕಾಗಿಲ್ಲ. ನಿಮ್ಮಂಥೋರು ನಿಲ್ಬೇಕು, ಅದೇ ಚಂದ."

"ನಾನು ನಿಂತ್ರೆ ನಿಮ್ಗೇನಪ್ಪ ಚಂದ?"

ಅವನು ನಕ್ಕ. "ಎದುರು ಪಕ್ಷದ ಇನ್ನೂರು ಮತ ನಿಮ್ಮ ಬುಟ್ಟಿಗೆ ಬೀಳುತ್ತೆ. ನಿಮ್ಗೂ ಒಳ್ಳೇದು, ನಮ್ಗೂ ಒಳ್ಳೇದು. ಸುಳ್ಳು ಯಾಕೆ ಹೇಳ್ಲಿ?"

"ನೀನು ನಿಜ ಹೇಳ್ದೆ, ಸಂತೋಷ."

ಸಾಗಿನ್ ಎದ್ದು ಬಂದು ಅವಳ ಅಂಗಿಯ ತೋಳು ಹಿಡಿದ. "ತಗೋ ಅತ್ತಿಗೆ. ಯಾರ ರುಜು ಆದ್ರೇನು? ನನ್ನಿಂದ ಹಾಳಾಯ್ತು ಅನ್ನೋ ಪಾಪ ನಂಗೆ ಬೇಡ. ಮೇಲ್ಹೊಳೆಗೆ ಹೋಗ್ಬೇಕಲ್ಲ ನೀನು?"

"ಹೋಗ್ಬೇಕು. ಅದಕ್ಕೇ ಯೋಚಿಸ್ತಿದೀನಿ," ಎಂದಳು. ಅಂಗಡಿಯವರು ಪೆನ್ನಿನ ಮುಚ್ಚಳ ತೆಗೆದಿದ್ದರು. ಅಧಿಕಾರಿ ಗಡಿಯಾರ ನೋಡಿ, "ಇನ್ನು ನಾಲ್ಕು ನಿಮಿಷ," ಎಂದರು.

"ಕ್ಲೆಮೆಂಟ್, ನಾನು ಆ ಜಗಲೀಲಿ ಕೂತು, ನಿಮ್ಮ ಬಾಗ್ಲಿಗೆ ಇನ್ನೊಬ್ರು ರುಜು ಹಾಕೋಕೆ ಬಿಡ್ಬೇಡಿ ಅಂತ ಹೇಳ್ಬೇಕಪ್ಪ. ನನ್ನ ಹೆಸ್ರ ಕೆಳಗೇ ನಿಮ್ಮೋರ ರುಜು ಇಟ್ಕೊಂಡು ಹೆಂಗ್ ಹೇಳ್ಲಿ?" ಎಂದಳು. "ಪಟ್ಟೀಲಿ ಹೆಸರಿಲ್ದೇನೇ ಹೋಗ್ತೀನಿ. ನಾಳೆ ಬೆಳಿಗ್ಗೆನೇ ಹೋಗ್ತೀನಿ. ಕೇಳೋರು ಕೇಳ್ತಾರೆ."

ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿದಳು. ಅಂಗಡಿಯವರ ಕೈಯಿಂದ ಪೆನ್ನು ತೆಗೆದುಕೊಂಡು, ಅದಕ್ಕೆ ಮುಚ್ಚಳ ಹಾಕಿ, ಅವರ ಜೇಬಿಗೇ ಸಿಕ್ಕಿಸಿದಳು.

"ಬೇಡಣ್ಣ," ಎಂದಳು. "ಇಷ್ಟು ದೂರ ನಡೆಸಿಬಿಟ್ರು ನಿಮ್ಮನ್ನ. ಹೋಗಿ, ನೆರಳಲ್ಲಿ ಕೂತ್ಕೊಳ್ಳಿ."