ಪೆಟ್ಟಿಗೆಯಲ್ಲಿಟ್ಟ ಹಾಡು

ಮರ್ವಿನ್ ಗಿಟಾರು ಕಲಿತದ್ದು ಕುರಿಯುಣ್ಣೆ ಕತ್ತರಿಸುವ ಕೊಟ್ಟಿಗೆಯಲ್ಲಿ. ಅವನು ಹಾಡಿದರೆ ತಂಗಿ ದನಿ ಕೂಡಿಸುತ್ತಿದ್ದಳು. ಇಬ್ಬರ ರೆಕಾರ್ಡು ಬಂದಾಗ ಡಾರ್ಲಿಂಗ್ ನದಿಯ ಉದ್ದಕ್ಕೂ ಅದನ್ನು ಕೇಳದ ಮನೆಯಿರಲಿಲ್ಲ. ಆಮೇಲೆ ತಂಗಿ ತೀರಿಕೊಂಡಳು. ತೀರಿಕೊಂಡವರ ಹೆಸರನ್ನು ನಮ್ಮ ಮೂಲನಿವಾಸಿ ಜನ ಬಾಯಿಗೆ ತರುವುದಿಲ್ಲ, ದನಿಯನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ, ಹತ್ತಿರದವರು ಸಾಕು ಅನ್ನುವತನಕ. ರೆಕಾರ್ಡುಗಳೆಲ್ಲ ಎಲ್ಸಿ ದೊಡ್ಡಮ್ಮನ ತಗಡಿನ ಪೆಟ್ಟಿಗೆ ಸೇರಿದವು. ಮರ್ವಿನ್ ಬೇರೆ ಏನೇನೋ ಹಾಡಿದ, ತಂಗಿಯ ಜತೆ ಹಾಡಿದ್ದೊಂದನ್ನು ಬಿಟ್ಟೇಬಿಟ್ಟ.

ಹೊಟ್ಟೆಪಾಡಿಗೆ ಸಿನಿಮಾ ಸೇರಿದ. ಕುದುರೆ ಓಡಿಸಿದ, ಪೊಲೀಸನಾದ, ಕಳ್ಳನಾದ. ಗುಂಡೇಟು ತಿಂದು ಬೀಳುವುದರಲ್ಲಂತೂ ಎತ್ತಿದ ಕೈ. ಊರಿಗೆ ಬಂದರೆ ದೊಡ್ಡಮ್ಮ ಛೇಡಿಸುವಳು: "ಮತ್ತೆ ಸತ್ತ್ಯೇನೋ? ಒಂದ್ ಸಿನಿಮಾದಲ್ಲಾದ್ರೂ ಕೊನೇ ತನಕ ಬದುಕಿರೋ."

ಐವತ್ತೆರಡನೇ ವಯಸ್ಸಿಗೆ ನಾಯಕನ ಪಾತ್ರ ಬಂತು, ಊರೂರು ಅಲೆಯುವ ಹಾಡುಗಾರನದು. ಆದರೆ ಸಿಡ್ನಿಯ ನಿರ್ದೇಶಕನಿಗೆ ಅದೇ ಹಳೆಯ ಹಾಡು ಬೇಕಂತೆ, ತಂಗಿಯ ದನಿಯ ಸಮೇತ. ಅದಿಲ್ಲದಿದ್ದರೆ ಪಾತ್ರ ಇನ್ನೊಬ್ಬನಿಗೆ. ಅಪ್ಪಣೆ ಕೊಡಬೇಕಾದವಳು ತಂಗಿಯ ಮಗಳು ಟಾನ್ಯಾ. ಅವಳ ಗಾಯ ಕೆದಕುವುದು ಹೇಗೆ? ಆಸೆ ಎಂಥವರನ್ನೂ ಕೆಡಿಸುತ್ತದೆ, ಈ ಮನುಷ್ಯ ಕೆಡಲಿಲ್ಲ. ಫೋನಿನಲ್ಲೇ ಪಾತ್ರ ಬೇಡವೆಂದು ಹೇಳಿ, ಊರಿಗೆ ಬಂದು ದೊಡ್ಡಮ್ಮನ ಅಡುಗೆಮನೆಯಲ್ಲಿ ಚಹಾ ಹಿಡಿದು ಕುಳಿತ. ಅವಳೆದುರು ಎಲ್ಲವನ್ನೂ ಹೇಳಿಕೊಂಡ.

"ಹೋಯ್ತು ದೊಡ್ಡಮ್ಮ. ಇನ್ನು ಗುಂಡೇಟೇ ಗತಿ."

ಹಿತ್ತಲ ಕಟ್ಟೆಯಲ್ಲಿ ಹಿಟ್ಟು ನಾದುತ್ತಿದ್ದ ಟಾನ್ಯಾ ಎಲ್ಲ ಕೇಳಿಸಿಕೊಂಡು ಒಳಗೆ ಬಂದಳು. "ಯಾಕ್ ಮಾಮ, ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?"

"ಹೆಂಗ್ ಕೇಳ್ಲೇ? ನಿಂಗೆ ನೋವಾಗಲ್ವಾ?"

"ಹನ್ನೊಂದ್ ವರ್ಷ ಆಯ್ತು. ಅಮ್ಮನ ದನಿ ಹೆಂಗಿತ್ತು ಅನ್ನೋದೇ ಮರೀತಾ ಇದೀನಿ, ನೋವು ಅದಕ್ಕೆ. ನೀನ್ ಕೇಳ್ಲಿ ಅಂತ ನಾನ್ ಕಾಯ್ತಿದ್ದೆ."

"ನೀನ್ ಹೇಳ್ಲಿ ಅಂತ ನಾನು."

"ಒಳ್ಳೇ ಜೋಡಿ," ಎಂದು ಬೈಯುತ್ತ ದೊಡ್ಡಮ್ಮ ಮಂಚದಡಿಯಿಂದ ಪೆಟ್ಟಿಗೆ ಎಳೆದಳು. ಧೂಳು ಒರೆಸಿ ರೆಕಾರ್ಡು ಹಾಕಿದಳು. ಮೊದಲು ಗರಗರ ಸದ್ದು, ಆಮೇಲೆ ಗಿಟಾರು, ಆಮೇಲೆ ಅವಳ ದನಿ. ಮರ್ವಿನ್ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಟಾನ್ಯಾ ಹಿಟ್ಟಿನ ಕೈಯಲ್ಲೇ ಅವನ ಭುಜ ಅಲುಗಿಸಿದಳು. "ನೋರೀನ್ ಒಬ್ಳೇ ಹಾಡ್ಬೇಕಾ ಮಾಮ? ನಿನ್ ಪಾಲು ಹಾಡು."

ಹನ್ನೊಂದು ವರ್ಷದ ಮೇಲೆ ಆ ಹೆಸರು ಆ ಮನೆಯಲ್ಲಿ ಕೇಳಿಸಿತು. ಮರ್ವಿನ್ ಅಳುತ್ತಲೇ ಹಾಡಿದ. ಸಿಡ್ನಿಗೆ ಫೋನು ಮಾಡಿದ್ದು ಹಾಡು ಮುಗಿದ ಮೇಲೆ.