ತೆಕ್ಲಾಳ ಹಲ್ಲಿಗೂ ಉಪವಾಸ

ಸೂರ್ಯನ ಕಣ್ಣಿಗೆ ಒಮ್ಮೆಯೂ ಬೀಳದ ಹೆಂಗಸೊಬ್ಬಳು ಇದ್ದಳಂತೆ. ಅವನು ಏಳುವ ಮೊದಲೇ ನೆಲದೊಳಕ್ಕೆ ಇಳಿಯುವಳು, ಮುಳುಗಿದ ಮೇಲೆ ಹೊರಬರುವಳು. ಅಜ್ಜಿಯರ ಬಾಯಲ್ಲಿ ಇದು ಕಥೆ. ಆದರೆ ತೆಕ್ಲಾ ಬದುಕಿದ್ದಾಳೆ. ಈ ಬೆಳಗಿನ ಜಾವವೂ ಓರ್ಹೈ ಪಟ್ಟಣದ ಹತ್ತಿರದ ಹಳೆಯ ಸುಣ್ಣಕಲ್ಲಿನ ಗಣಿಯಲ್ಲಿ, ಹಣೆಗೆ ದೀಪ ಕಟ್ಟಿಕೊಂಡು, ಸಾಲು ಸಾಲಾಗಿ ಬಗ್ಗಿ ಅಣಬೆ ಕೀಳುತ್ತಿದ್ದಾಳೆ. ಇಪ್ಪತ್ತಾರು ವರ್ಷಗಳಿಂದ ಇದೇ ಕೆಲಸ. ಪೇಟೆಯಲ್ಲಿ ಅಣಬೆ ಕೊಳ್ಳುವವರಿಗೆ ಅವಳ ಹೆಸರೂ ಗೊತ್ತಿಲ್ಲ.

"ಚಿಕ್ಕಮ್ಮ, ಅಣಬೆ ಯಾವ್ದು, ನೀನ್ಯಾವ್ದು ಅಂತಾನೇ ಗೊತ್ತಾಗಲ್ಲ. ಅಷ್ಟು ಬಿಳಚಿಕೊಂಡಿದ್ದೀಯ," ಗಾಡಿ ತಳ್ಳುವ ವಿಸಾರಿಯೋನ್ ಕೆಣಕುತ್ತಾನೆ.

"ನಿನ್ನ ಮೂತಿ ಕತ್ತಲಲ್ಲಿರೋದೇ ಊರಿಗೆ ಒಳ್ಳೇದು. ತಳ್ಳೋ."

ನಗುವಾಗ ತೆಕ್ಲಾ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಮೇಲ್ದವಡೆಯಲ್ಲಿ ಅವಳದೇ ಎನ್ನಲು ಉಳಿದಿರುವುದು ಒಂದು ಕೋರೆಹಲ್ಲು. ಹಲ್ಲಿನ ಸೆಟ್ಟಿನ ಕೊಂಡಿ ನಿಂತಿರುವುದು ಅದರ ಮೇಲೆಯೇ. ಅದು ಹೋದರೆ ಸೆಟ್ಟೂ ನಿಲ್ಲದು. ಕಳೆದ ವರ್ಷ ಬುಡದಲ್ಲಿ ಕೀವಾಗಿ, ದಂತವೈದ್ಯೆ ಕೊರ್ನೇಲಿಯಾ ರೂಟ್ ಕೆನಾಲ್ ಮಾಡಿದರು. ಬೇರಿನ ತುದಿಯಲ್ಲಿ ಮೂಳೆ ಕರಗಿತ್ತು. ರಕ್ತದಲ್ಲಿ ವಿಟಮಿನ್ ಡಿ ಇಲ್ಲವೆನ್ನುವಷ್ಟು ಕಡಿಮೆ. ಮೂಳೆ ತುಂಬಿಕೊಳ್ಳಲು ನೆರವಾದೀತೆಂದು, ಆ ವಿಟಮಿನ್ ಇರುವ ಮೀನೆಣ್ಣೆಯ ಗುಳಿಗೆ ಬರೆದುಕೊಟ್ಟರು. ವರ್ಷ ತುಂಬಿದಾಗ ಬಂದು ತೋರಿಸುತ್ತೇನೆಂದು ತೆಕ್ಲಾ ಮಾತು ಕೊಟ್ಟಳು.

ಇವತ್ತು ಸಂಜೆ ಗಣಿಯ ಕೆಲಸ ಮುಗಿಸಿ ಬಂದಿದ್ದಾಳೆ. ಎಕ್ಸ್‌ರೇಯಲ್ಲಿ ಬೇರಿನ ಸುತ್ತಲ ಕಪ್ಪು ಕಲೆ ಇನ್ನೂ ಹರಡಿದೆ.

"ಗುಳಿಗೆ ತಪ್ಪದೆ ತಗೊಂಡ್ರಾ, ಚಿಕ್ಕಮ್ಮ?"

"ತಗೊಂಡೆ ಡಾಕ್ಟರಮ್ಮ. ಉಪವಾಸದ ದಿನ ಮಾತ್ರ ಬಿಟ್ಟೆ. ಮೀನಲ್ವಾ ಅದು."

ಮಾಂಸ, ಮೀನು ಮುಟ್ಟದ ದಿನಗಳವು: ಈಸ್ಟರಿಗೆ ಮುಂಚಿನ ಉಪವಾಸ, ಕ್ರಿಸ್‌ಮಸ್ಸಿಗೆ ಮುಂಚಿನದು, ಬೇಸಿಗೆಯವು, ಮೇಲೆ ಪ್ರತಿ ಬುಧವಾರ, ಶುಕ್ರವಾರ. ತೆಕ್ಲಾ ಒಂದನ್ನೂ ಮುರಿದವಳಲ್ಲ. ವರ್ಷದ ಅರ್ಧ ಅಲ್ಲಿಗೇ ಹೋಯಿತು.

"ಔಷಧಿಗೆಲ್ಲ ಉಪವಾಸ ಇಲ್ಲ. ಪಾದ್ರಿಗಳನ್ನ ಒಂದು ಮಾತು ಕೇಳಬಾರದಿತ್ತಾ?"

"ಒಂದು ಗುಳಿಗೆಗೋಸ್ಕರ ಅವರ ತಲೆ ತಿನ್ನೋದಾ?" ತೆಕ್ಲಾ ತಲೆವಸ್ತ್ರದ ಅಂಚು ಹಿಂಡುತ್ತಾಳೆ. "ದಿನಾ ತಿಂದಿದ್ರೆ ಉಳೀತಿತ್ತಾ?"

"ಹೇಳಕ್ಕಾಗಲ್ಲ. ಉಳಿದ್ರೂ ಉಳೀತಿತ್ತು. ಈಗ ಅಲ್ಲಾಡ್ತಿದೆ, ಕೀಳಲೇಬೇಕು."

ತೆಕ್ಲಾ ಸೆಟ್ಟು ಕಳಚಿ ಮಡಿಲಲ್ಲಿಟ್ಟುಕೊಂಡು ಬಾಯಿ ತೆರೆಯುತ್ತಾಳೆ. ಇಕ್ಕಳಕ್ಕೆ ಹೆಚ್ಚು ಕೆಲಸವಿಲ್ಲ; ಹಲ್ಲು ಕಾಯುತ್ತಿತ್ತೇನೋ ಎಂಬಂತೆ ಬರುತ್ತದೆ.

"ಎರಡು ದಿನ ಬಗ್ಗಬೇಡಿ, ರಕ್ತ ಬರುತ್ತೆ."

"ಅಣಬೆ ನೆಲದಲ್ಲಿರುತ್ತೆ ಡಾಕ್ಟರಮ್ಮ," ಹತ್ತಿ ಕಚ್ಚಿಕೊಂಡೇ ಎದ್ದು ನಿಲ್ಲುತ್ತಾಳೆ. "ಬರ್ತೀನಿ ಅಂದಿದ್ದೆ, ಬಂದೆ. ಅದೊಂದು ಆಯ್ತಲ್ಲ."