ಹದಿನಾಲ್ಕನೇ ನಂಬರಿನ ಚೀಟಿ

ನನ್ನ ತಮ್ಮನ ವಿಷಯ ಹೇಳುತ್ತೇನೆ, ಬರೆದುಕೋ. ಅವನಿಗೀಗ ಐವತ್ತೆಂಟು ದಾಟಿದೆ, ಆದರೂ ನನಗೆ ಅವನು ಮೂಗೊರೆಸಿಕೊಳ್ಳಲು ಬಾರದ ಹುಡುಗನೇ. ಬೀದಿಯವರೆಲ್ಲ ಬೀಗದ ಮಾಮ ಎನ್ನುತ್ತಾರೆ. ಬೀಗದ ಕಂಪನಿಯಲ್ಲಿ ಮೂವತ್ತಮೂರು ವರ್ಷದಿಂದ ಪರೀಕ್ಷೆ ಮೇಜಿನ ಮುಂದೆ ಕೂತವನು. ತಯಾರಾಗಿ ಬಂದ ಒಂದೊಂದು ಬೀಗಕ್ಕೂ ಅದರ ಎರಡೂ ಬೀಗದ ಕೈ ಹಾಕಿ ಹತ್ತತ್ತು ಸಲ ತಿರುಗಿಸಬೇಕು, ಕೊಂಡಿ ಜಗ್ಗಬೇಕು, ಒಳಗಿನ ಸದ್ದು ಕೇಳಿಸಿಕೊಳ್ಳಬೇಕು. ಎಲ್ಲ ಸರಿಯಿದ್ದರೆ ಚೀಟಿಯ ಮೇಲೆ ತನ್ನ ನಂಬರಿನ ಮುದ್ರೆ ಒತ್ತಿ ಡಬ್ಬಿಯೊಳಗೆ ಹಾಕಬೇಕು. ಚೀಟಿಯಲ್ಲಿ ‘ಪರೀಕ್ಷಿಸಿದವರು’ ಎಂದು ಅಚ್ಚಾಗಿರುತ್ತದೆ, ಅದರ ಮುಂದೆ ಇವನ ಹದಿನಾಲ್ಕು.

ಈ ಜಗ್ಗುವ ಚಾಳಿ ಮನೆಗೂ ಬಂತು. ಮದುವೆಯಾದ ಹೊಸದರಲ್ಲಿ ಸಿನಿಮಾಕ್ಕೆ ಹೊರಟರೆ ಬೀಗ ಹಾಕಿ ಮೂರು ಸಲ ಜಗ್ಗಿ, ಬೀದಿ ತುದಿಯಿಂದ ವಾಪಸು ಬಂದು ಮತ್ತೊಮ್ಮೆ ಜಗ್ಗುತ್ತಿದ್ದನಂತೆ. ಅವನ ಹೆಂಡತಿ ಈಗಲೂ ಹೇಳುತ್ತಾಳೆ, “ಅತ್ತಿಗೆ, ಇವರ ಜೊತೆ ಹೋಗಿ ಒಂದು ಸಿನಿಮಾದ ಶುರುವನ್ನೂ ನಾನು ನೋಡಿಲ್ಲ.” ಪಾಪ, ಅವಳದೂ ದೊಡ್ಡ ಕಥೆ. ಅದು ಇನ್ನೊಂದು ದಿನಕ್ಕಿರಲಿ.

ಆ ಮೇಜಿನಲ್ಲಿ ಆರು ಜನ ಇದ್ದರು. ಒಬ್ಬರನ್ನೊಬ್ಬರು ನಂಬರಿನಿಂದಲೇ ಕರೆಯುವುದು. ಇವನ ಪಕ್ಕದ ಕುರ್ಚಿ ಹದಿನೈದಕ್ಕನದು. ಹಿರಿಯ ಹೆಂಗಸು, ಗಂಡ ಇಲ್ಲ, ಬಲು ಅಂಜುಬುರುಕಿ. ಅವರ ಚೀಟಿಯಿದ್ದ ಬೀಗವೊಂದು ಯಾವತ್ತೋ ಒಮ್ಮೆ ವಾಪಸು ಬಂತೆಂದು ಎರಡು ದಿನ ಅನ್ನ ಮುಟ್ಟಲಿಲ್ಲವಂತೆ. ಹಳೆಯ ಯಜಮಾನರೇ ಬಂದು, “ಕೆಟ್ಟ ಬೀಗ ಅಂಗಡಿಗೆ ಹೋಗದೆ ನಮ್ಮ ಮೇಜಿಂದಲೇ ವಾಪಸ್ ಬರಲಿ ಅಂತ ತಾನೇ ನಿಮ್ಮನ್ನ ಕೂರಿಸಿರೋದು, ಒಂದು ತಪ್ಪಿದ್ರೆ ತಪ್ಪಿತು, ಊಟ ಮಾಡಮ್ಮ” ಎಂದು ಸಮಾಧಾನ ಮಾಡಿದರಂತೆ. ಅಂಥ ಮನುಷ್ಯ ಅವರು. ಒಂದು ದಿನಕ್ಕೆ ನೂರು ಬೀಗವನ್ನು ಕೆಟ್ಟದ್ದೆಂದು ಪಕ್ಕಕ್ಕಿಟ್ಟರೂ ಯಾಕೆಂದು ಕೇಳುತ್ತಿರಲಿಲ್ಲ.

ಅವರು ತೀರಿಕೊಂಡರು. ಮಕ್ಕಳು ಕಂಪನಿಯನ್ನು ಮಾರಿಕೊಂಡು ಕೈ ತೊಳೆದುಕೊಂಡರು. ಹೊಸಬರು ಬಂದ ವರ್ಷವೇ ಮೇಜಿನ ನಾಲ್ವರನ್ನು ಬೇರೆ ಕಡೆ ಹಾಕಿದರು, ಹದಿನೈದಕ್ಕ ನಿವೃತ್ತರಾದರು, ಉಳಿದವನು ಇವನೊಬ್ಬ. ನೂರು ಬೀಗದಲ್ಲಿ ಒಂದನ್ನು ನೋಡಿದರೆ ಸಾಕು ಎಂದರು. ಅದನ್ನೂ ಹಲ್ಲು ಕಚ್ಚಿಕೊಂಡು ಸಹಿಸಿದ. ಆಮೇಲೊಂದು ಬೆಳಿಗ್ಗೆ ಅಚ್ಚಿನ ಮನೆಯಿಂದ ಚೀಟಿಯ ಕಟ್ಟುಗಳು ಬಂದವು. ಮುದ್ರೆ ಒತ್ತುವ ಕೆಲಸವೇ ಇಲ್ಲ. ಎಲ್ಲದರ ಮೇಲೂ ಮೊದಲೇ ಹದಿನಾಲ್ಕು ಎಂದು ಅಚ್ಚಾಗಿದೆ.

ತಮ್ಮ ನೇರ ಹೊಸ ಮ್ಯಾನೇಜರನ ಹತ್ತಿರ ಹೋದ.

“ನಾನು ಮುಟ್ಟದ ಬೀಗಕ್ಕೆ ನನ್ನ ನಂಬರ್ ಹೇಗೆ ಸಾರ್ ಹೋಗುತ್ತೆ?”

“ಇದು ನಿಮಗೆ ಗೌರವ ಅಲ್ವಾ? ಅಂಗಡಿಯವರು ಹದಿನಾಲ್ಕರ ಡಬ್ಬಿನೇ ಕೊಡಿ ಅಂತಾರೆ.”

“ಅವರು ಕೇಳೋದು ಬೀಗ ಸಾರ್, ಚೀಟಿ ಅಲ್ಲ.”

ಆತ ನಕ್ಕು, ಟೀ ತರಿಸಿ ಕುಡಿಸಿ ಕಳಿಸಿದ. ಬೈದಿದ್ದರೂ ಇವನಿಗೆ ಅಷ್ಟು ಉರಿಯುತ್ತಿರಲಿಲ್ಲ. ನಾಲ್ಕು ಸಲ ಅರ್ಜಿ ಬರೆದ, ಬೇರೇನೂ ಬೇಡ, ನನ್ನ ನಂಬರ್ ತೆಗೆಯಿರಿ ಎಂದು. ನಾಲ್ಕು ಸಲವೂ ‘ಪರಿಶೀಲಿಸಲಾಗುವುದು’ ಎಂಬ ಒಂದೇ ಉತ್ತರ.

ಅಷ್ಟರಲ್ಲಿ ಬೀದಿಯ ಜನ ಮನೆಗೇ ಬರತೊಡಗಿದರು. ಟೈಲರನ ಹೆಂಡತಿ ಬೀಗ ಕೈಯಲ್ಲಿ ಹಿಡಿದುಕೊಂಡೇ ಬಂದಳು. “ಮಾಮ, ನಿಮ್ಮ ಹದಿನಾಲ್ಕು ನೋಡಿ ತಂದಿದ್ದು. ಬೀಗದ ಕೈ ಒಳಗೇ ಮುರಿದು ಕೂತಿದೆ. ಕಣ್ಣು ಮುಚ್ಕೊಂಡು ಮುದ್ರೆ ಒತ್ತಿದ್ರಾ?” ಅವಳೇನೋ ತಮಾಷೆಗೆ ಅಂದಳು. ಇವನ ಮುಖ ಸುಟ್ಟ ಬದನೆಕಾಯಿಯಂತಾಯಿತು. ನಾನು ಅಲ್ಲೇ ಸೊಪ್ಪು ಬಿಡಿಸುತ್ತಾ ಕೂತಿದ್ದೆ, ಕಣ್ಣಾರೆ ಕಂಡಿದ್ದೇನೆ.

ಅದರ ಮುಂದಿನ ಭಾನುವಾರ ನನಗೆ ಬಟ್ಟೆ ಒಣಗಿಸುವ ಹಗ್ಗ ಬೇಕಿತ್ತು. ತಮ್ಮನ ಜೊತೆ ಹಾರ್ಡ್‌ವೇರ್ ಅಂಗಡಿಗೆ ಹೋದೆ. ನಾನು ಹಗ್ಗ ಅಳೆಸುತ್ತಿದ್ದೇನೆ, ಇವನು ಅತ್ತ ಬೀಗದ ಕಪಾಟಿನ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿದ್ದಾನೆ. ಒಂದೊಂದೇ ಡಬ್ಬಿ ಬಿಚ್ಚುವುದು, ತಿರುಗಿಸುವುದು, ಜಗ್ಗುವುದು, ಕಿವಿಗೆ ಹಿಡಿಯುವುದು. ಒಳ್ಳೆಯದು ಬಲಕ್ಕೆ, ಕೆಟ್ಟದ್ದು ಎಡಕ್ಕೆ. ಕೆಟ್ಟದ್ದರ ಚೀಟಿ ಅವನ ಜೇಬಿಗೆ.

ಅಂಗಡಿಯವನು ಗಲ್ಲಾ ಬಿಟ್ಟು ಎದ್ದು ಬಂದ. “ಯಜಮಾನ್ರೇ, ಕೊಳ್ಳೋಕೆ ಬಂದಿದ್ದೀರೋ, ಕಳ್ಳತನಕ್ಕೆ ತಾಲೀಮು ಮಾಡ್ತಿದ್ದೀರೋ?”

“ನನ್ನ ಚೀಟಿ ನಾನು ತಗೋತಿದ್ದೀನಿ.”

“ಡಬ್ಬಿ ನಂದು, ಅಂಗಡಿ ನಂದು, ಚೀಟಿ ಮಾತ್ರ ನಿಮ್ದಾ?”

ನಾನು ಹಗ್ಗ ಅಲ್ಲೇ ಬಿಟ್ಟು ಇವನ ತೋಳು ಹಿಡಿದು ಎಬ್ಬಿಸಿದೆ. “ಏಳೋ, ಮಾನ ಕಳೀಬೇಡ” ಎಂದೆ. “ಅಕ್ಕಾ, ಇನ್ನು ಎಂಟೇ ಡಬ್ಬಿ ಇದೆ, ತಡಿ” ಎಂದ. ಅಂಗಡಿಯವನು ಅಷ್ಟರಲ್ಲಿ ಕಂಪನಿಗೆ ಫೋನ್ ಹಚ್ಚಿಯಾಗಿತ್ತು.

ಸೋಮವಾರ ಮ್ಯಾನೇಜರೇ ಕರೆಸಿದ. ಇನ್ನು ಅಂಗಡಿಗಳಲ್ಲಿ ಡಬ್ಬಿ ಬಿಚ್ಚುವುದಿಲ್ಲ ಎಂದು ಬರೆದುಕೊಡಿ ಎಂದ. ಇವನು ಜಗ್ಗಲಿಲ್ಲ. ನಂಬರ್ ತೆಗೆದರೆ ಬರೆದುಕೊಡುತ್ತೇನೆ ಎಂದ. ಆತ ಸ್ವಲ್ಪ ಯೋಚಿಸಿ, “ಸರಿ, ತೆಗೀತೀವಿ” ಎಂದನಂತೆ. ನನ್ನ ತಮ್ಮನಿಗೆ ಒಂದು ಕ್ಷಣ ಹೋದ ಜೀವ ಬಂದಂತಾಯಿತಂತೆ.

“ಆದ್ರೆ ನಂಬರ್ ಇಲ್ಲದ ಚೀಟಿ ಅಂಗಡಿಯವರು ಒಪ್ಪಲ್ಲ. ಹದಿನೈದು ಹಾಕ್ತೀವಿ. ಆಯಮ್ಮ ರಿಟೈರ್ ಆಗಿದ್ದಾರೆ, ತಕರಾರು ಮಾಡಲ್ಲ.”

“ಬೇಡ ಸಾರ್, ಸೊನ್ನೆ ಹಾಕಿ.”

“ಸೊನ್ನೆ ಪರೀಕ್ಷೆ ಮಾಡಿದ ಬೀಗ ಯಾರು ತಗೋತಾರೆ? ಹದಿನಾಲ್ಕೋ ಹದಿನೈದೋ, ನೀವೇ ಹೇಳಿ.”

ಇವನು ಕಾಗದ ಎಳೆದುಕೊಂಡು ಬರೆದುಕೊಟ್ಟ. ಡಬ್ಬಿ ಬಿಚ್ಚುವುದಿಲ್ಲ, ಚೀಟಿಯ ಮೇಲೆ ಹದಿನಾಲ್ಕೇ ಇರಲಿ, ನನ್ನ ಅರ್ಜಿ ವಾಪಸು ಪಡೆದಿದ್ದೇನೆ ಎಂದು. ಕೆಳಗೆ ಸಹಿ ಹಾಕಿದ.

ಅದನ್ನು ಮನೆಗೆ ಬಂದು ಹೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಚೆನ್ನಾಗಿ ಬೈದೆ. “ಮೂವತ್ತಮೂರು ವರ್ಷ ದುಡಿದಿದ್ದೀಯ, ಬಾಯಲ್ಲಿ ನಾಲಿಗೆ ಇಲ್ವಾ ನಿಂಗೆ? ಹದಿನೈದನ್ನೇ ಹಾಕ್ಲಿ ಅಂದು ಬರೋದಲ್ವಾ? ನಿನ್ನ ತಲೆನೋವು ಕಳೀತಿತ್ತು.”

ಅವನು ಕಾಲುಚೀಲ ಬಿಚ್ಚುತ್ತಾ ಕೂತಿದ್ದ. “ಅಕ್ಕಾ, ಮುರಿದ ಬೀಗ ಹಿಡ್ಕೊಂಡು ಯಾರಾದ್ರೂ ಹದಿನೈದಕ್ಕನ ಮನೆಗೆ ಹೋದ್ರೆ, ಅವರು ತಮ್ಮ ಕೈಯಿಂದಲೇ ತಪ್ಪಾಗಿದೆ ಅಂದ್ಕೊಳ್ತಾರೆ. ಕೂತು ಕೊರಗ್ತಾರೆ. ನಾನು ಮುಟ್ಟಿಲ್ಲ ಅಂತ ನಂಗಾದ್ರೂ ಗೊತ್ತು.”

ಅವನ ಹೆಂಡತಿ ಟೀ ತಂದಿಟ್ಟು ನನ್ನ ಮುಖ ನೋಡಿದಳು. ಇನ್ನೂ ಒಂದು ವರ್ಷ ನಾಲ್ಕು ತಿಂಗಳು ಅವನ ಕೆಲಸವಿದೆ. ದಿನಾ ಹೋಗುತ್ತಾನೆ, ನೂರರಲ್ಲಿ ಒಂದನ್ನು ನೋಡುತ್ತಾನೆ. ಮಿಕ್ಕ ತೊಂಬತ್ತೊಂಬತ್ತು ಅವನ ಕಣ್ಣೆದುರೇ ಹದಿನಾಲ್ಕು ಎಂದು ಹೇಳಿಕೊಂಡು ಡಬ್ಬಿ ಸೇರುತ್ತವೆ. ಸಂಜೆ ಬಾಗಿಲಲ್ಲಿ ಯಾರಾದರೂ ಬೀಗ ಹಿಡಿದು ನಿಂತಿದ್ದರೆ, “ನನ್ನದೇ ತಪ್ಪು, ಕೊಡಿ ನೋಡೋಣ” ಎನ್ನುತ್ತಾನೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಎದ್ದು ಹೋಗಿ ಆ ಮ್ಯಾನೇಜರನ ಮುಂದೆ ನಿಲ್ಲಬೇಕು ಅನ್ನಿಸುತ್ತದೆ. ನಿಂತು ಏನು ಕೇಳಬೇಕು ಅನ್ನುವುದೇ ಹೊಳೆಯುವುದಿಲ್ಲ. ಆತ ನನಗೂ ಟೀ ತರಿಸಿ ಕುಡಿಸಿ ಕಳಿಸುತ್ತಾನೆ, ಅಷ್ಟೆ.